250 ಮೀಟರ್ ಅಂದಿರಿ, ನಡುವೆ ಕೋಟೆ ಗೋಡೆ ಇತ್ತು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಆ್ಯಪ್‌ನ 'ಹತ್ತಿರದ ಊಟದ ಜಾಗಗಳು' ಪಟ್ಟಿ ದಾರಿ ತಪ್ಪಿಸಿದ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಆ್ಯಪ್‌ನಲ್ಲಿ ಒಂದು ಹಳೇ ಊರಿನ ಕೋಟೆಯೊಳಗಿನ ಹೋಟೆಲಿನಲ್ಲಿ ಮೂರು ರಾತ್ರಿಗೆ ರೂಮು ಬುಕ್ ಮಾಡಿದ್ದೆ. ರೂಮಿನ ಬಗ್ಗೆ ತಕರಾರಿಲ್ಲ. ಅಲ್ಲಿ ಊಟ ಸಿಗುವುದಿಲ್ಲ ಅಂತ ಮೊದಲೇ ಗೊತ್ತಿತ್ತು. ಆದರೂ ಅದನ್ನೇ ಆರಿಸಿದ್ದು ಯಾಕೆಂದರೆ, 'ಐದು ನಿಮಿಷದ ನಡಿಗೆಯಲ್ಲಿ ಆರು ಒಳ್ಳೆಯ ರೆಸ್ಟೋರೆಂಟ್‌ಗಳು' ಅಂತ ನೀವೇ ಹಾಕಿದ್ದಿರಿ. ಜೊತೆಗೆ ಅಮ್ಮ ಇದ್ದರು. ಅವರಿಗೆ ಮಂಡಿನೋವು.

ಪಟ್ಟಿಯ ಮೊದಲನೆಯದು 250 ಮೀಟರ್ ಅಂತಿತ್ತು. ಹೊರಟೆವು. ಗಲ್ಲಿ ಮುಗಿದಲ್ಲಿ ಕೋಟೆ ಗೋಡೆ. ರೆಸ್ಟೋರೆಂಟ್ ಗೋಡೆಯ ಆಚೆ, ಕೋಟೆ ಬಾಗಿಲು ಊರಿನ ಇನ್ನೊಂದು ತುದಿಗೆ! ನೀವು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದಿದ್ದೀರಿ, ಅಷ್ಟೇ. ಗೋಡೆ ಹಾರುವ ವಯಸ್ಸು ಅಮ್ಮನದಲ್ಲ, ನನ್ನದೂ ಅಲ್ಲ. ಸುತ್ತಿಕೊಂಡು ಹೋದರೆ ಒಂದು ಕಿಲೋಮೀಟರಿಗೂ ಜಾಸ್ತಿ, ಅದರಲ್ಲಿ ಅರ್ಧ ಕಲ್ಲಿನ ಮೆಟ್ಟಿಲು. ಟ್ಯಾಕ್ಸಿ ಹಿಡಿಯೋಣವೆಂದರೆ ಆ ಭಾಗಕ್ಕೆ ವಾಹನವೇ ಬಿಡುವುದಿಲ್ಲ. ಎತ್ತರದ ಗೋಡೆಗಳ ನಡುವೆ ಜಿಪಿಎಸ್ ಚುಕ್ಕೆ ಒಂದು ಗಲ್ಲಿಯಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಅದು ನಿಮ್ಮ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಇಂಥ ಊರಿನಲ್ಲಿ ಹೀಗಾಗುತ್ತದೆ ಅಂತ ಗೊತ್ತಿರುವ ನೀವು, ಯಾವ ಬಾಗಿಲಿನಿಂದ ಹೋಗಬೇಕು ಅಂತ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಅಷ್ಟು ನಡೆದು ತಲುಪಿದಾಗ ಮಧ್ಯಾಹ್ನ ಮೂರೂಕಾಲು. ಒಲೆ ಆರಿಸಿಯಾಗಿತ್ತು, ಇನ್ನು ಸಂಜೆ ಏಳಕ್ಕೇ ಅಂದರು. ನಿಮ್ಮ ಪುಟದಲ್ಲಿ ಮಾತ್ರ 'ಈಗ ತೆರೆದಿದೆ' ಅಂತ ಹಸಿರು ಅಕ್ಷರ. ಬಾಗಿಲು ತೆರೆದಿತ್ತು, ನಿಜ. ಅಡುಗೆಮನೆ ಮುಚ್ಚಿತ್ತು.

ಎರಡನೆಯದು ಶಾಶ್ವತವಾಗಿ ಮುಚ್ಚಿ ತಿಂಗಳುಗಳೇ ಆಗಿವೆ. ನಿಮ್ಮದೇ ಆ್ಯಪ್‌ನ ವಿಮರ್ಶೆಗಳಲ್ಲಿ ಇಬ್ಬರು ಅದನ್ನು ಬರೆದಿದ್ದಾರೆ. ಯಾರೂ ಓದಿಲ್ಲ.

ಮೂರನೆಯದು ನನಗೆ ಜಾಸ್ತಿ ಸಿಟ್ಟು ತರಿಸಿದ್ದು. ದೊಡ್ಡ ಚೌಕದಲ್ಲೇ ಇದೆ, 4.6 ಅಂಕ. ಬಾಗಿಲಲ್ಲಿ ನಿಂತವನು ಕೈಹಿಡಿದು ಎಳೆಯುವುದೊಂದೇ ಬಾಕಿ. ಮೆನುವಿನಲ್ಲಿ ಬರೀ ಫೋಟೋ, ದರ ಇಲ್ಲ. ಊಟ ತಣ್ಣಗಿತ್ತು. ಬಿಲ್ಲಿನಲ್ಲಿ ಕೂತಿದ್ದಕ್ಕೂ ಒಂದು ಸಾಲು. ರಾತ್ರಿ ರೂಮಿಗೆ ಬಂದು ಪಟ್ಟಿಯನ್ನು ಮತ್ತೆ ನೋಡಿದೆ. ಆ ಹೆಸರಿನ ಕೆಳಗೆ ತೆಳು ಬೂದು ಬಣ್ಣದಲ್ಲಿ 'ಪ್ರಾಯೋಜಿತ' ಅಂತ ಇತ್ತು. ಕನ್ನಡಕ ಹಾಕಿಕೊಂಡರೂ ಕಷ್ಟ. ಇನ್ನು ಆ 4.6 ಹಳೆಯದು ಹೊಸದು ಎಲ್ಲ ಸೇರಿಸಿದ ಸರಾಸರಿ. ಹೊಸದು ಮೇಲೆ ಬರುವಂತೆ ಜೋಡಿಸಿ ನೋಡಿದರೆ, ಈ ವರ್ಷ ಬರೆದವರಲ್ಲಿ ಹೆಚ್ಚಿನವರು ಬೈದೇ ಇದ್ದಾರೆ.

ಉಳಿದ ಮೂರನ್ನು ನಾವು ಹುಡುಕಲೇ ಇಲ್ಲ. ಮರುದಿನ ರೂಮು ಗುಡಿಸಲು ಬಂದ ಹೆಂಗಸನ್ನು "ನೀವು ಎಲ್ಲಿ ಊಟ ಮಾಡ್ತೀರಿ?" ಅಂತ ಕೇಳಿದೆ. ಹಿಂದಿನ ಗಲ್ಲಿ ತೋರಿಸಿದರು. ಎಂಟು ಮೇಜು, ಕೈಬರಹದ ಚಿಕ್ಕ ಮೆನು. ಅಮ್ಮ ಎರಡೂ ದಿನ ಹೊಟ್ಟೆ ತುಂಬ ಉಂಡರು. ಮೆಟ್ಟಿಲೊಂದೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಅದು ಯಾಕಿಲ್ಲ ಅಂತ ಮಾಲೀಕರನ್ನೇ ಕೇಳಿದೆ. ಕಮಿಷನ್ ಕೊಡಲು ಒಪ್ಪಲಿಲ್ಲವಂತೆ.

ಇದನ್ನೆಲ್ಲ ವಿಮರ್ಶೆಯಾಗಿ ಬರೆದೆ. 'ನಮ್ಮ ನಿಯಮಗಳಿಗೆ ಹೊಂದುವುದಿಲ್ಲ' ಅಂತ ವಾಪಸ್ ಬಂತು. ಸಹಾಯವಾಣಿಗೆ ಬರೆದರೆ, ನನ್ನ ರೂಮಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ ಅಂತ ಉತ್ತರ. ರೂಮಿಗೆ ತೊಂದರೆಯೇ ಆಗಿರಲಿಲ್ಲ ಸ್ವಾಮಿ! ಅದಕ್ಕೇ ಈ ಪತ್ರ.

ನನಗೆ ಕೂಪನ್ ಬೇಡ. ದೂರವನ್ನು ನಡೆಯುವ ದಾರಿಯಲ್ಲಿ ಅಳೆದು ತೋರಿಸಿ, ಮೆಟ್ಟಿಲಿದ್ದರೆ ಹೇಳಿ. ಅಡುಗೆಮನೆಯ ಸಮಯ ಬೇರೆಯಾಗಿ ಹಾಕಿ. ದುಡ್ಡು ಕೊಟ್ಟವರ ಹೆಸರನ್ನು ಬೇರೆ ಪಟ್ಟಿಗೆ ಸರಿಸಿ, ಅಥವಾ ಆ ಬೂದು ಅಕ್ಷರವನ್ನಾದರೂ ಕಪ್ಪು ಮಾಡಿ. ನನ್ನ ವಿಮರ್ಶೆಯಲ್ಲಿ ಯಾವ ಸಾಲು ನಿಯಮ ಮೀರಿದೆ ಅಂತ ತಿಳಿಸಿ, ಇಲ್ಲವಾದರೆ ಪ್ರಕಟಿಸಿ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಪಟ್ಟಿಯ ಸ್ಕ್ರೀನ್‌ಶಾಟ್, ಮೂರನೆಯ ಜಾಗದ ಬಿಲ್ಲು, ಕೋಟೆ ಗೋಡೆಯ ಫೋಟೋ ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕ