ಪಾಯಿಂಟ್ ಕಿತ್ತು ಬಿಸಾಡುವ ಮುಂಚೆ

ಮಾನ್ಯ ಸಂಪಾದಕರೇ,

ಹಳೇ ಕಾರುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಅದರಲ್ಲಿ ಒಂದು ಸಲಹೆ ಇತ್ತಲ್ಲ, ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರು ಮೊದಲು ಪಾಯಿಂಟ್ ಕಿತ್ತು ಬಿಸಾಡಿ ಎಲೆಕ್ಟ್ರಾನಿಕ್ ಕಿಟ್ ಹಾಕಿಸಬೇಕು, ಪಿಕಪ್ಪೂ ಮೈಲೇಜೂ ಜಾಸ್ತಿಯಾಗುತ್ತದೆ ಅಂತ. ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು. ಪಾಯಿಂಟ್ ಅಂದರೆ ಇಂಜಿನ್‌ನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿಗಾಗಿ ಕರೆಂಟನ್ನು ಬಿಟ್ಟು ಕೂಡಿಸುವ ಪುಟ್ಟ ಸ್ವಿಚ್; ಕಿಟ್ ಅಂದರೆ ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸಾಮಾನು. ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮದು ಸ್ಪೇರ್ ಪಾರ್ಟ್ಸ್ ಅಂಗಡಿ. ಮಾವನವರ ಕಾಲದಿಂದ ಇದೆ, ಈಗ ಗಲ್ಲಾದಲ್ಲಿ ಕೂರುವವಳು ನಾನು. ಪಾಯಿಂಟೂ ಮಾರುತ್ತೇನೆ, ಕಿಟ್ಟೂ ಮಾರುತ್ತೇನೆ. ಲಾಭ ಜಾಸ್ತಿ ಇರುವುದು ಕಿಟ್‌ನಲ್ಲೇ. ಹಾಗಾಗಿ ವ್ಯಾಪಾರಕ್ಕೋಸ್ಕರ ಈ ಪತ್ರ ಬರೆಯುತ್ತಿಲ್ಲ ಅಂತ ನೀವು ನಂಬಬಹುದು.

ಕಾರು ಜೋರಾಗಿ ಓಡಲಿ ಅಂತಲೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ತಂದರು ಅನ್ನುವ ಹಾಗೆ ಲೇಖನದಲ್ಲಿ ಬರೆದಿದ್ದಾರೆ. ಅದಕ್ಕಿಂತ ದೊಡ್ಡ ಕಾರಣ ಹೊಗೆಯ ಕಾನೂನು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆ ಮಾಡಿಕೊಟ್ಟ ಬ್ಯಾಟರಿ, ಕಾಯಿಲ್ (ವೋಲ್ಟ್ ಏರಿಸುವ ತಂತಿಸುರುಳಿ), ಪಾಯಿಂಟ್‌ನ ಏರ್ಪಾಟು ಅರವತ್ತು ವರ್ಷ ಸುಮಾರಾಗಿ ಹಾಗೇ ನಡೆದುಕೊಂಡು ಬಂತು. 1970ರಲ್ಲಿ ಅಲ್ಲಿ ಗಾಳಿ ಕೆಡಿಸುವುದರ ವಿರುದ್ಧ ಬಿಗಿಯಾದ ಕಾನೂನು ಬಂತು. ಕಾರು 50,000 ಮೈಲಿ ಓಡುವವರೆಗೂ ಹೊಗೆ ಮಿತಿ ಮೀರಬಾರದು. ಪಾಯಿಂಟ್ ಇಟ್ಟುಕೊಂಡು ಅಷ್ಟು ದೂರಕ್ಕೆ ಯಾರು ಗ್ಯಾರಂಟಿ ಕೊಡುತ್ತಾರೆ? ಕ್ರೈಸ್ಲರ್ ಕಂಪನಿ 1973ರ ಮಾಡೆಲ್‌ನಿಂದ ಅಲ್ಲಿನ ತನ್ನ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಹಾಕಿತು. ಜನರಲ್ ಮೋಟರ್ಸ್ 1975ರ ಮಾಡೆಲ್‌ಗೆ ಹಾಕಿತು. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಲಿ ಬಂದದ್ದೂ ಅದೇ 1975ರ ಮಾಡೆಲ್‌ನಲ್ಲಿ. ಒಂದು ಸಿಲಿಂಡರ್ ಮಿಸ್ ಹೊಡೆದರೂ ಉರಿಯದ ಪೆಟ್ರೋಲ್ ಆ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನೇ ಹಾಳು ಮಾಡುತ್ತದೆ. ನಮ್ಮಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ. ಹಾಸನಕ್ಕೂ ಅದಕ್ಕೂ ಆಗ ಏನೂ ಸಂಬಂಧ ಇರಲಿಲ್ಲ ಬಿಡಿ.

ಪಾಯಿಂಟ್ ಯಾಕೆ ಅಷ್ಟು ದೂರ ಬಾಳುವುದಿಲ್ಲ ಅನ್ನುವುದು ಒಂದು ಹಳೇ ಸೆಟ್ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಎರಡು ಪುಟ್ಟ ಟಂಗ್‌ಸ್ಟನ್ ಬಿಲ್ಲೆಗಳು. ಒಂದರಲ್ಲಿ ಗುಳಿ ಬಿದ್ದಿರುತ್ತದೆ, ಇನ್ನೊಂದರಲ್ಲಿ ಅದೇ ಅಳತೆಗೆ ಮೊಡವೆ ಎದ್ದಿರುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಇವು ಸೆಕೆಂಡಿಗೆ 100 ಸಲ ಬಿಟ್ಟು ಕೂಡುತ್ತವೆ. ಪ್ರತಿ ಸಲ ಬಿಟ್ಟಾಗಲೂ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಪಾಯಿಂಟ್ ಮಧ್ಯೆಯೇ ಕಿಡಿ ಹಾರದ ಹಾಗೆ ತಡೆಯುವುದು ಕಂಡೆನ್ಸರ್. ಜೊತೆಗೆ ಪಾಯಿಂಟನ್ನು ಬಿಡಿಸುವ ಕ್ಯಾಮ್‌ಗೆ ಉಜ್ಜುವ ಫೈಬರ್ ಹೀಲ್ ಇದೆ. ಅದು ಸವೆದ ಹಾಗೆ ಗ್ಯಾಪ್ ಕಮ್ಮಿಯಾಗುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ. ಅಂಬಾಸಿಡರ್‌ಗೆ ಇರಬೇಕಾದ ಗ್ಯಾಪ್ 15 ಥೌ (ಇಂಚಿನ ಸಾವಿರ ಭಾಗದಲ್ಲಿ 15), ಅಂದರೆ 0.4 ಮಿ.ಮೀ. ಹತ್ತಿರ. ಇದೆಲ್ಲ ದಿನಾ ಸ್ವಲ್ಪ ಸ್ವಲ್ಪ ಆಗುವುದರಿಂದ ಓಡಿಸುವವರಿಗೆ ತಿಳಿಯುವುದೇ ಇಲ್ಲ. ಆಮೇಲೆ ಕಿಟ್ ಹಾಕಿಸುತ್ತಾರೆ, ಗಾಡಿ ಚುರುಕಾಗುತ್ತದೆ, ಕಿಟ್‌ನ ಮಹಿಮೆ ಅಂತಾರೆ. ಹೊಸ ಪಾಯಿಂಟ್ ಹಾಕಿ ಗ್ಯಾಪ್ ಅಳೆಯುವ ಫೀಲರ್ ಗೇಜ್ ಇಟ್ಟು ಸೆಟ್ ಮಾಡಿಸಿದ್ದರೂ ಹೆಚ್ಚುಕಮ್ಮಿ ಅಷ್ಟೇ ಚುರುಕಾಗುತ್ತಿತ್ತು. ಇಂಜಿನ್ ತುಂಬಾ ಜೋರಾಗಿ ತಿರುಗಿದಾಗ ಪಾಯಿಂಟ್ ಕುಣಿಯುತ್ತದೆ ಅನ್ನುವುದು ನಿಜ. ಅಂಬಾಸಿಡರನ್ನು ಅಷ್ಟು ಜೋರಾಗಿ ತಿರುಗಿಸುವವರನ್ನು ನಾನಂತೂ ನೋಡಿಲ್ಲ.

ನಮ್ಮ ಕಡೆಗೆ ಮುಖ್ಯವಾದ ಮಾತು ಬೇರೆಯೇ ಇದೆ. ಸಕಲೇಶಪುರ, ಮೂಡಿಗೆರೆ ಕಡೆ ಜುಲೈ ಮಳೆಯಲ್ಲಿ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ಬಹಳ ಸಲ ತಪ್ಪು ಪಾಯಿಂಟ್‌ದಲ್ಲ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ, ಅಂದರೆ ಕ್ಯಾಪ್ ಒಳಗೆ ತೇವ ಕೂತಿರುತ್ತದೆ, ಇಲ್ಲವೇ ಪ್ಲಗ್ ವೈರ್ ಬಿರುಕು ಬಿಟ್ಟಿರುತ್ತದೆ. ಕ್ಯಾಪ್ ಬಿಚ್ಚಿ ಬೆಳಕಿಗೆ ಹಿಡಿದರೆ ಕೆಲವು ಸಲ ಒಂದು ಗುಂಡಿಯಿಂದ ಇನ್ನೊಂದಕ್ಕೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಕಾಣುತ್ತದೆ. ಕರೆಂಟ್ ಹರಿದಾಡಿದ ದಾರಿ ಅದು. ಆ ಕ್ಯಾಪನ್ನು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ಹೊಸದೇ ಬೇಕು. ಕಿಟ್ ಹಾಕಿಸಿದರೂ ಕ್ಯಾಪ್ ಅದೇ, ಅದರೊಳಗೆ ತಿರುಗುವ ರೋಟರ್ ಅದೇ, ವೈರ್ ಅದೇ. ವೇಗಕ್ಕೆ ತಕ್ಕ ಹಾಗೆ ಕಿಡಿಯನ್ನು ಮುಂದಕ್ಕೆ ತರುವ ಒಳಗಿನ ಅಡ್ವಾನ್ಸ್ ತೂಕ ತುಕ್ಕು ಹಿಡಿದಿದ್ದರೆ ಅದೂ ಹಾಗೇ ಉಳಿಯುತ್ತದೆ. ಸಾವಿರಾರು ರೂಪಾಯಿಯ ಕಿಟ್ ಹಾಕಿಸಿ, ಮೊದಲ ಮಳೆಗೇ ಗಾಡಿ ನಿಂತಿತು ಅಂತ ಅಂಗಡಿ ಬಾಗಿಲಿಗೆ ಬರುವವರಿಗೆ ಏನು ಹೇಳಲಿ?

ಮೂಡಿಗೆರೆ ಕಡೆಯ ನಮ್ಮ ಗಿರಾಕಿಯೊಬ್ಬರದು ಇನ್ನೊಂದು ಕಥೆ. ಕಾಫಿ ಬೆಳೆಗಾರರು, ತಂದೆಯ ಕಾಲದ ಅಂಬಾಸಿಡರ್ ಇಟ್ಟುಕೊಂಡಿದ್ದಾರೆ, ಅದಕ್ಕೆ ಕಿಟ್ ಹಾಕಿಸಿದ್ದರು. ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ನಿಂತಿದ್ದಾರೆ. ಮಗ ಕಾರಲ್ಲೇ ಕೂತು ಕೀ ಆನ್ ಮಾಡಿ ಹಾಡು ಕೇಳುತ್ತಿದ್ದ. ದೋಸೆ ತಿಂದು ಬಂದು ಸೆಲ್ಫ್ ಹೊಡೆದರೆ ಇಂಜಿನ್ ಸುಮ್ನೆ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಇಂಜಿನ್ ನಿಂತಿದ್ದಾಗ ಕೀ ಆನ್ ಬಿಟ್ಟರೆ ಕೆಲವು ಜಾತಿಯ ಕಿಟ್ ಕಾದು ಸುಟ್ಟುಹೋಗುತ್ತದೆ. ಪಾಯಿಂಟ್ ಇದ್ದಾಗಲೂ ಹಾಗೆ ಬಿಡುವುದು ಒಳ್ಳೆಯದಲ್ಲ, ಕಾಯಿಲ್ ಕಾಯುತ್ತದೆ. ಆದರೆ ಪಾಯಿಂಟ್ ಕರಕಲಾದರೆ ಬೆಂಕಿಪೊಟ್ಟಣದ ಪಟ್ಟಿಯಲ್ಲಿ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಹೇಗೋ ಮನೆ ಸೇರಬಹುದು. ಸುಟ್ಟ ಕಿಟ್ ಉಜ್ಜಿದರೆ ಏನು ಬರುತ್ತದೆ? ಅಲ್ಲಿಗೆ ಬಂದ ಮೆಕ್ಯಾನಿಕ್ ಕೇಳಿದ್ದು ಒಂದೇ: ಪಾಯಿಂಟ್ ಕೂರಿಸಿದ್ದ ಹಳೇ ಪ್ಲೇಟ್ ಡಿಕ್ಕಿಯಲ್ಲಿ ಇದೆಯಾ ಸಾರ್? ಕಿಟ್ ಹಾಕಿದ ಗ್ಯಾರೇಜಿನವರು ಅದನ್ನು ಗುಜರಿಗೆ ಹಾಕಿದ್ದರು. ಧರ್ಮಸ್ಥಳದ ದಾರಿ ಬಿಟ್ಟು ಕಾರನ್ನು ಜೀಪಿಗೆ ಹಗ್ಗ ಕಟ್ಟಿ ವಾಪಸ್ ಎಳೆಸಿದರು.

ಹಾಗಂತ ಕಿಟ್ ಬೇಡ ಅಂತ ನಾನು ಹೇಳುತ್ತಿಲ್ಲ. ದಿನಾ ಓಡುವ ಗಾಡಿಗೆ ಹಾಕಿಸಿ. ಅದಕ್ಕೆ ಇನ್ನೊಂದು ಕಾರಣವೂ ಇದೆ: ಈಗ ಬರುತ್ತಿರುವ ಕೆಲವು ಕಂಡೆನ್ಸರ್‌ಗಳು ನೋಡಲಿಕ್ಕೆ ಮಾತ್ರ ಕಂಡೆನ್ಸರ್. ಹಾಕಿದ ಸ್ವಲ್ಪ ದಿನಕ್ಕೇ ಪಾಯಿಂಟ್ ಮಧ್ಯೆ ಕಿಡಿ ಹಾರಲು ಶುರು, ಹೊಸ ಪಾಯಿಂಟೂ ಹಾಳು. ಮೊದಲು ಹಾಕಿದ್ದ ಹಳೇದು ಸರಿಯಾಗಿದ್ದರೆ ಬಿಸಾಡಬೇಡಿ ಅಂತ ನಾನೇ ಗಿರಾಕಿಗಳಿಗೆ ಹೇಳುತ್ತೇನೆ. ಇನ್ನು ಯುಗಾದಿಗೊಂದು ಸಲ, ಮದುವೆಗೊಂದು ಸಲ ಶೆಡ್‌ನಿಂದ ಹೊರಬರುವ ಕಾರಿಗೆ ಪಾಯಿಂಟೇ ಸಾಕು. ಯಾವುದೇ ಇರಲಿ, ತೆಗೆದ ಪ್ಲೇಟು, ಪಾಯಿಂಟು, ಕಂಡೆನ್ಸರ್ ಕೇಳಿ ವಾಪಸ್ ಇಸಿದುಕೊಳ್ಳಿ, ಒಂದು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಿ.

ನಿಮ್ಮ ಲೇಖಕರು ಮುಂದಿನ ಸಲ ಬರೆಯುವಾಗ ಎರಡು ವಿಷಯ ಸೇರಿಸಿದರೆ ಉಪಕಾರವಾಗುತ್ತದೆ. ಮಾರಿಸ್ ಮೈನರ್ ಥರದ ಹಳೇ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಅದನ್ನು ನೋಡದೆ ಮಾಮೂಲಿ ಕಿಟ್ ಹಾಕಿದರೆ ಕೀ ತಿರುಗಿಸಿದ ತಕ್ಷಣ ಕಿಟ್ ಹೋಗುತ್ತದೆ. ಕಾಯಿಲ್ ಎಷ್ಟು ಓಮ್ ಅಂತಲೂ ಮೀಟರ್ ಹಿಡಿದು ನೋಡಬೇಕು. 3 ಓಮ್ ಕೇಳುವ ಕಿಟ್‌ಗೆ 1.5 ಓಮ್ ಕಾಯಿಲ್ ಇದ್ದರೆ ಕರೆಂಟ್ ಜಾಸ್ತಿ ಹರಿದು ಆ ಕಿಟ್ಟೂ ಸುಡುತ್ತದೆ. ಸುಟ್ಟದ್ದನ್ನು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಎಲೆಕ್ಟ್ರಿಕ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಗಲ್ಲಾ ಮೇಲೆ ದೊಡ್ಡದಾಗಿ ಬರೆಸಿದ್ದೇನೆ, ಆದರೂ ಜಗಳ ತಪ್ಪಿಲ್ಲ.

ಇತಿ,
ಸ್ಪೇರ್ ಪಾರ್ಟ್ಸ್ ಅಂಗಡಿಯ ಓದುಗಿ
ಬಿ.ಎಂ. ರಸ್ತೆ, ಹಾಸನ