ಭಾನುವಾರದ ಮಾತುಕತೆ: ಕಸದ ಲಾರಿಗೆ ಕನ್ನಡಿ ಹೊದಿಸಿದ ಕಲಾವಿದೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ನ್ಯೂಯಾರ್ಕ್‌ನ ಸ್ತ್ರೀವಾದಿ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ಬಗ್ಗೆ ಮಾತಾಡೋಣ. ತಾಯಿಯಾದ ಮೇಲೆ, 1969ರಲ್ಲಿ, ಗುಡಿಸುವುದು, ಒರೆಸುವುದು, ಮಗುವಿನ ಆರೈಕೆ ಎಲ್ಲವೂ ಕಲೆಯೇ ಎಂದು ಪ್ರಣಾಳಿಕೆ ಬರೆದವರು. 1973ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ಮ್ಯೂಸಿಯಂ ಮೆಟ್ಟಿಲು ತೊಳೆದರು, ಅದನ್ನೇ ಕಲಾಕೃತಿಯಾಗಿ.

ನನ್ನ ಮನಸ್ಸಲ್ಲಿ ನಿಂತದ್ದು ಮಾತ್ರ 1979–80ರ ಕೆಲಸ. ನಗರದ ಸುಮಾರು 8,500 ಪೌರಕಾರ್ಮಿಕರಲ್ಲಿ ಒಬ್ಬೊಬ್ಬರ ಕೈಯನ್ನೂ ಕುಲುಕಿ, ನ್ಯೂಯಾರ್ಕನ್ನು ಜೀವಂತವಾಗಿ ಇಟ್ಟಿದ್ದಕ್ಕೆ ಧನ್ಯವಾದ ಹೇಳಿದರು. ಹತ್ತಿರಹತ್ತಿರ ಒಂದು ವರ್ಷ ಹಿಡಿಯಿತು! 1983ರಲ್ಲಿ ಕಸದ ಲಾರಿಗೆ ಕನ್ನಡಿ ಹೊದಿಸಿದರು. ಬೀದಿಯ ಜನಕ್ಕೆ ಅದರಲ್ಲಿ ತಮ್ಮದೇ ಮುಖ.

ಬರುವಾಗ ನಿಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಕೆಲಸ ಬರೆದು ತನ್ನಿ. ಮನೆಗೆಲಸ ಮುಗಿಸಿ ಬರುವವರಿಗಾಗಿ ಹತ್ತು ನಿಮಿಷ ಕಾಯುತ್ತೇವೆ.