ಹೈಸ್ಕೂಲಿನ ಹಳೇ ರಿಜಿಸ್ಟರನ್ನು ಗೆದ್ದಲಿಗೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಅಣ್ಣನನ್ನು ಕರೆದುಕೊಂಡು ನಾವಿಬ್ಬರೂ ಓದಿದ ಹೈಸ್ಕೂಲಿಗೆ ಹೋಗಿದ್ದೆ. ದಾವಣಗೆರೆಯ ಹಳೇ ಗಂಡುಮಕ್ಕಳ ಹೈಸ್ಕೂಲು. ಹೆಸರು ಬರೆಯುವುದಿಲ್ಲ, ಯಾಕೆಂದರೆ ಈಗ ಅಲ್ಲಿರುವವರ ತಪ್ಪೇನೂ ಇದರಲ್ಲಿಲ್ಲ. ಒಂದು ಕಾಲಕ್ಕೆ ಅಲ್ಲಿ ಸೀಟು ಸಿಕ್ಕರೆ ಮನೆಯಲ್ಲಿ ಪಾಯಸ ಮಾಡುತ್ತಿದ್ದರು ಅಂತ ಹೇಳಿದರೆ ಈಗಿನ ಹುಡುಗರು ನಗಬಹುದು.

ಅಣ್ಣ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಮಿಲ್ಲಿಗೆ ಸೇರಿದವನು. ಈಗ ಆಧಾರ್‌ನಲ್ಲಿ ಅವನ ಹುಟ್ಟಿದ ತಾರೀಖು ತಪ್ಪಾಗಿದೆ, ಸರಿ ಮಾಡಿಸಲು ದಾಖಲೆ ಕೇಳುತ್ತಾರೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಲ್ಲ. ಜನನ ಪ್ರಮಾಣ ಪತ್ರದ ಮಾತಂತೂ ಬೇಡ, ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ, ಅಷ್ಟೊತ್ತಿಗೆ ಇವನಿಗೆ ಮೀಸೆ ಚಿಗುರಿತ್ತು. ಉಳಿದಿದ್ದು ಶಾಲೆಯ ಅಡ್ಮಿಷನ್ ರಿಜಿಸ್ಟರ್ ಒಂದೇ.

ಆಫೀಸಿನ ಹೆಣ್ಣುಮಗಳು ಪಾಪ, ಒಂದು ಗಂಟೆ ಹುಡುಕಿದರು. ಮುರಿದ ಬೆಂಚು, ತುಕ್ಕು ಹಿಡಿದ ಗ್ಲೋಬಿನ ಸ್ಟ್ಯಾಂಡು, ಹಳೇ ಉತ್ತರ ಪತ್ರಿಕೆಗಳ ಕಟ್ಟು, ಇವುಗಳ ಹಿಂದೆ ಒಂದು ಮರದ ಬೀರು. ಅದರ ತಳದಲ್ಲಿ 1966ರ ಪುಸ್ತಕ ಸಿಕ್ಕಿತು. ಎತ್ತಿದರೆ ಕೆಳಗೆ ಮಣ್ಣು ಉದುರಿತು. ಅಣ್ಣನ ಹೆಸರು ಇದೆ, ಅಪ್ಪನ ಹೆಸರು ಇದೆ, ಹುಟ್ಟಿದ ತಾರೀಖಿನ ಜಾಗದಲ್ಲಿ ‘1-6-’ ಅಂತ ಇದೆ. ಅದರ ಮುಂದಿನ ಇಸವಿಯನ್ನು ಗೆದ್ದಲು ತಿಂದಿದೆ!

ತಮಾಷೆ ಏನೆಂದರೆ ಆ ಪುಟದಲ್ಲಿ ಅರ್ಧಕ್ಕರ್ಧ ಹುಡುಗರು ಜೂನ್ ಒಂದಕ್ಕೇ ಹುಟ್ಟಿದವರು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಅಲ್ವಾ? ಅಪ್ಪಂದಿರಿಗೆ ತಾರೀಖು ಗೊತ್ತಿರುತ್ತಿರಲಿಲ್ಲ, ‘ಮಳೆಗಾಲಕ್ಕೆ ಮುಂಚೆ ಹುಟ್ಟಿದ್ದು ಸಾರ್’ ಅಂದರೆ ಮೇಷ್ಟ್ರೇ ಲೆಕ್ಕ ಹಾಕಿ ಬರೆದುಕೊಳ್ಳುತ್ತಿದ್ದರು. ಅಂದರೆ ಮೇಷ್ಟ್ರು ಕೊಟ್ಟ ತಾರೀಖು ಉಳಿದಿದೆ, ನಿಜವಾದ ಇಸವಿ ಹೋಗಿದೆ.

ಅಣ್ಣ ಬೇಜಾರಾಗಿ ಹೊರಗೆ ಕಟ್ಟೆ ಮೇಲೆ ಕೂತ. ನಾನು ಸುಮ್ನೆ ಪುಟ ತಿರುಗಿಸುತ್ತಾ ನಿಂತೆ. ತಂದೆಯ ಉದ್ಯೋಗ ಅನ್ನುವ ಕಾಲಮ್ಮಿನಲ್ಲಿ ಮಿಲ್ ಕೂಲಿ, ಹಮಾಲಿ, ಮಂಡಿ ಗುಮಾಸ್ತ, ಬೇಸಾಯ, ದರ್ಜಿ, ಮತ್ತೆ ಮಿಲ್ ಕೂಲಿ. ನಾನು ಎಂಟನೇ ಕ್ಲಾಸಿಗೆ ಸೇರಿದ 1974ರ ಪುಸ್ತಕವೂ ಸಿಕ್ಕಿತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು 1973ರ ನವೆಂಬರ್ ಒಂದಕ್ಕೆ, ಆದರೆ ಅಚ್ಚಾದ ಹಳೇ ಪುಸ್ತಕ ಖಾಲಿಯಾಗಬೇಕಲ್ಲ, ಹಾಗಾಗಿ ಪ್ರತಿ ಪುಟದ ತಲೆಯಲ್ಲಿ ‘ಮೈಸೂರು’ ಅನ್ನುವುದನ್ನು ಯಾರೋ ನೀಲಿ ಶಾಯಿಯಲ್ಲಿ ಹೊಡೆದು ಮೇಲೆ ಗುಂಡಗೆ ‘ಕರ್ನಾಟಕ’ ಅಂತ ಬರೆದಿದ್ದಾರೆ. ಸೀಲಿನಲ್ಲಿ ಮಾತ್ರ ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಜಿಲ್ಲೆಯಾಗಲು ಇನ್ನೂ 23 ವರ್ಷ ಇತ್ತು.

ಊರಿನ ಕಾಲಮ್ಮು ನೋಡಿದಾಗ ರೈಲು ಹುಡುಗರು ನೆನಪಾದರು. ಮಾಯಕೊಂಡ, ಕೊಡಗನೂರು ಕಡೆಯಿಂದ ಪಾಸು ಮಾಡಿಸಿಕೊಂಡು ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದವರು. ಆಗ ಮೀಟರ್ ಗೇಜ್, ಗಾಡಿ ಯಾವಾಗ ಬರುತ್ತೋ ದೇವರೇ ಬಲ್ಲ. ಪ್ರಾರ್ಥನೆಗೆ ಲೇಟಾದರೆ ಊರಿನವರಿಗೆ ಬೆತ್ತ, ‘ರೈಲು ಲೇಟು ಸಾರ್’ ಅಂದವರಿಗೆ ಮಾಫಿ. ಹಾಗಾಗಿ ಸ್ಟೇಷನ್ನಿನ ಹಿಂದಿನ ಬೀದಿಯಲ್ಲೇ ಮನೆ ಇದ್ದ ಒಬ್ಬ ಮೂರು ವರ್ಷ ರೈಲು ಲೇಟು ಅಂತಲೇ ಬಚಾವಾದ. ಕೊನೇ ಪೀರಿಯಡ್ಡಿನಲ್ಲಿ ಮಿಲ್ಲಿನ ಸೈರನ್ ಕೂಗಿದರೆ ಮೇಷ್ಟ್ರು ಏನು ಹೇಳುತ್ತಿದ್ದರೂ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಸಂಜೆ ಡ್ರಿಲ್ ಮುಗಿಸಿ ನಾಲ್ಕು ಜನ ಕಾಸು ಹಾಕಿ ಒಂದು ಪೊಟ್ಟಣ ಮಂಡಕ್ಕಿ, ಎರಡು ಮಿರ್ಚಿ ತಗೊಳ್ಳುತ್ತಿದ್ದೆವು. ಮಿರ್ಚಿಯ ತೊಟ್ಟು ಯಾರಿಗೆ ಅಂತ ದಿನಾ ಜಗಳ.

ಹಳೇ ವಿದ್ಯಾರ್ಥಿಗಳ ಗುರುವಂದನೆಯಲ್ಲಿ ಇದ್ಯಾವುದೂ ಬರುವುದಿಲ್ಲ. ಅಲ್ಲಿ ದೊಡ್ಡವರಾದವರ ಪಟ್ಟಿ ಮಾತ್ರ. 1902ರಲ್ಲಿ ಹುಟ್ಟಿದ ನಿಜಲಿಂಗಪ್ಪನವರು ದಾವಣಗೆರೆ, ಚಿತ್ರದುರ್ಗದಲ್ಲಿ ಓದಿ ಮುಖ್ಯಮಂತ್ರಿಯಾದರು ಅಂತ ಭಾಷಣದಲ್ಲಿ ಹೇಳುತ್ತಾರೆ. ಹೇಳಲಿ, ನಮಗೂ ಹೆಮ್ಮೆ. ಆದರೆ ಅಂಥವರು ಎಲ್ಲಿ ಬೇಕಾದರೂ ಸಿಗುತ್ತಾರೆ, ಸರ್ಕಲ್ಲಿಗೂ ಅವರ ಹೆಸರು ಇರುತ್ತದೆ. ಎಸ್ಸೆಸ್ಸೆಲ್ಸಿ ಮುಟ್ಟದೇ ಹೋದ ನಮ್ಮಣ್ಣನಂಥವರು ಪರೀಕ್ಷಾ ಬೋರ್ಡಿನ ಕಡತದಲ್ಲೂ ಸಿಗುವುದಿಲ್ಲ. ಈಗಿನ ಮಕ್ಕಳಿಗಾದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಒಂದು ನಂಬರ್ ಇದೆ, ಕಂಪ್ಯೂಟರಿನಲ್ಲಿ ಎಲ್ಲ ಇದೆ. ಹಿಂದಿನವರಿಗೆ ಈ ಗೆದ್ದಲು ಹಿಡಿದ ಪುಸ್ತಕವೇ ಗತಿ.

ಹೋದ ಗುರುವಂದನೆಗೆ ನಮ್ಮ ಬ್ಯಾಚಿನವರು ಶಾಮಿಯಾನ, ಫ್ಲೆಕ್ಸು, ಶಾಲು, ನೆನಪಿನ ಕಾಣಿಕೆ ಅಂತ ಚೆನ್ನಾಗಿಯೇ ಖರ್ಚು ಮಾಡಿದೆವು. ನಾನೂ ಕೊಟ್ಟಿದ್ದೇನೆ, ಬೇರೆಯವರನ್ನು ಅಂದು ಪ್ರಯೋಜನ ಇಲ್ಲ. ಆ ದುಡ್ಡಿನಲ್ಲಿ ಎರಡು ಕಬ್ಬಿಣದ ಬೀರು ಬರುತ್ತಿತ್ತು. ಎರಡು ದಿನ ಕೂತರೆ ಒಂದು ಮೊಬೈಲಿನಲ್ಲೇ ಎಷ್ಟೋ ಪುಟಗಳ ಫೋಟೋ ತೆಗೆಯಬಹುದಿತ್ತು. ಅವನ್ನು ವಾಟ್ಸ್ಯಾಪಿಗೆ ಮಾತ್ರ ಹಾಕಬೇಡಿ, ಜಾತಿ, ಮನೆ ವಿಳಾಸ ಎಲ್ಲ ಅದರಲ್ಲಿದೆ. ಶಾಲೆಯಲ್ಲೊಂದು, ಇಲಾಖೆಯಲ್ಲೊಂದು ಪ್ರತಿ ಇದ್ದರೆ ಸಾಕು.

ಶಿಕ್ಷಣ ಇಲಾಖೆಯವರಿಗೆ ನನ್ನ ಕೋರಿಕೆ ಇಷ್ಟೇ. ಜಿಲ್ಲೆಯ ಹಳೇ ಹೈಸ್ಕೂಲುಗಳಿಗೆ, ಹೆಣ್ಣುಮಕ್ಕಳ ಹೈಸ್ಕೂಲುಗಳಿಗೂ ಸೇರಿಸಿ, ಒಂದು ಸುತ್ತೋಲೆ ಕಳಿಸಿ ಯಾವ ಇಸವಿಯ ರಿಜಿಸ್ಟರ್ ಇದೆ, ಯಾವುದು ಹಾಳಾಗಿದೆ ಅಂತ ಮೊದಲು ಪಟ್ಟಿ ಮಾಡಿಸಿ. ಫೋಟೋ ತೆಗೆಯಲು ಜನ ಬೇಕಾದರೆ ನಮ್ಮಂಥ ರಿಟೈರ್ ಆದವರು ಬರುತ್ತೇವೆ, ಚಹಾ ಕೊಟ್ಟರೆ ಸಾಕು.

ಅಣ್ಣನ ಕೆಲಸ ಇನ್ನೂ ಆಗಿಲ್ಲ. ಜಗಳೂರು ಕಡೆಯ ನಮ್ಮೂರಿನ ಪ್ರೈಮರಿ ಶಾಲೆಯಲ್ಲಿ ಅವನನ್ನು ಒಂದನೇ ಕ್ಲಾಸಿಗೆ ಸೇರಿಸಿದ ಪುಸ್ತಕ ಇರಬಹುದು ಅಂತ ಯಾರೋ ಹೇಳಿದ್ದಾರೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟಿದ್ದೇವೆ.

— ಒಬ್ಬ ಹಳೇ ವಿದ್ಯಾರ್ಥಿ, ದಾವಣಗೆರೆ